ಇಸ್ರಾರ್ ಕಳುಹಿಸಿದ ಹನ್ನೊಂದನೆಯ ಸದ್ದು

ಚಿತ್ರದುರ್ಗದಲ್ಲಿ ಸಂತೆಹೊಂಡದ ಹಿಂದಿನ ಓಣಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿರುವ ಇಸ್ರಾರ್‌ಗೆ ಈಗ ಐವತ್ತೆರಡು ವರ್ಷ. ಅಂಗಡಿಯನ್ನು ಆರಂಭಿಸಿದವರು ಅವನ ತಂದೆ ದಾವೂದ್ ಸಾಬರು. ಮದುವೆ, ಸಭೆ, ಸಾವು ಯಾವುದೇ ಇರಲಿ, ಸುತ್ತಮುತ್ತಲ ಹಳ್ಳಿಗಳವರು ತಂದೆಯ ಕಾಲದಿಂದಲೂ ಈ ಅಂಗಡಿಗೇ ಬರುತ್ತಾರೆ. ಇಸ್ರಾರನ ಕಿವಿ ಬಹಳ ಚುರುಕು. ಆಂಪ್ಲಿಫೈಯರಿನ ಮುಚ್ಚಳ ತೆಗೆಯುವ ಮೊದಲೇ ಅದರ ಗೊರಗೊರ ಕೇಳಿ ಯಾವ ಭಾಗ ಸುಟ್ಟಿದೆಯೆಂದು ಹೇಳಬಲ್ಲ. ಹೈಸ್ಕೂಲಿನಲ್ಲಿ ಎರಡು ಸಲ ನಪಾಸಾದವನು ಈ ಒಂದು ವಿಷಯದಲ್ಲಿ ಮಾತ್ರ ಊರಿಗೇ ಮೊದಲಿಗ.

ಮೈಕ್‌ಸೆಟ್‌ನವರ ಆಯುಷ್ಯದ ಬಹುಭಾಗ ಸವೆಯುವುದು ಒಂದೇ ಒಂದು ಸದ್ದನ್ನು ಅಡಗಿಸುವುದರಲ್ಲಿ. ಕರೆಂಟು ಹರಿಯುವಾಗ ಸ್ಪೀಕರಿನಲ್ಲಿ 'ಗುಂಯ್' ಎಂದು ಸದಾ ಕೇಳಿಸುತ್ತದಲ್ಲ, ಅದು. ಒಂಬತ್ತು ವರ್ಷದ ಹಿಂದೆ ಹೊಸದುರ್ಗದ ಕಾಲೇಜು ಸಮಾರಂಭದಲ್ಲಿ ಯಾರೋ ವಿದ್ಯಾರ್ಥಿ ಅವನ ಮಿಕ್ಸರಿಗೆ ಸಿಕ್ಕಿಸಿದ ಪೆನ್‌ಡ್ರೈವನ್ನು ಅಲ್ಲೇ ಮರೆತು ಹೋಗಿದ್ದ. ಅದರಲ್ಲಿದ್ದ ಮೊದಲನೆಯ ಹಾಡು ಶುರುವಾದದ್ದೇ ಆ ಗುಂಯ್ ಸದ್ದಿನಿಂದ. ಇಸ್ರಾರ್ ಗಾಬರಿಯಾಗಿ ವೈರುಗಳನ್ನೆಲ್ಲ ಕಿತ್ತು ನೋಡಿದ. ಸೆಟ್ಟು ಸರಿಯಾಗಿಯೇ ಇತ್ತು. ತಾನು ಇಪ್ಪತ್ತೈದು ವರ್ಷದಿಂದ ಓಡಿಸುತ್ತಿದ್ದ ಸದ್ದನ್ನು ಯಾರೋ ಕರೆದು ಕೂರಿಸಿ, ಅದರ ಮೇಲೆ ಒಂದೊಂದಾಗಿ ಸ್ವರಗಳನ್ನು ಪೇರಿಸಿ ಹಾಡು ಕಟ್ಟಿದ್ದರು. ಅವನು ಬೆರಗಾದ. ಆ ತಂಡದ ಹೆಸರು 'ಮೂರನೇ ತಂತಿ'. ಬೆಂಗಳೂರಿನ ಸಹನಾ ಎಂಬ ಹುಡುಗಿ, ಅವಳ ಜೊತೆಗೊಬ್ಬ ಕನ್ನಡಕದ ಹುಡುಗ, ಇಬ್ಬರೇ. ಯಾವ ಕಂಪನಿಯ ಹಂಗೂ ಇಲ್ಲದೆ, ಪೆಟ್ಟಿಗೆಗಳ ಗುಂಡಿ ತಿರುಗಿಸಿಯೇ ಹಾಡು ಮಾಡುವವರು. ಮೂರನೆಯ ತಂತಿಯೆಂದರೆ ಅರ್ತಿಂಗ್, ಆ ಗುಂಯ್ ಸದ್ದನ್ನು ನೆಲಕ್ಕಿಳಿಸುವ ತಂತಿ. ಹೆಸರಿನಲ್ಲೇ ಕಸುಬು ಬಲ್ಲವರು ಎಂದು ಇಸ್ರಾರ್ ಅವರನ್ನು ಮೆಚ್ಚಿಕೊಂಡುಬಿಟ್ಟ.

ಅಂದಿನಿಂದ ಅವರ ಒಂದು ಹಾಡನ್ನೂ ಅವನು ಬಿಟ್ಟವನಲ್ಲ. ಅವರ ಹೊಸ ಹಾಡುಗಳು ಬರುವುದು ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಬಂದು, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ತಂದೆಯ ಕಾಲದ ಮರದ ಸ್ಪೀಕರುಗಳಿಗೆ ಫೋನನ್ನು ಜೋಡಿಸಿ, ಮೊದಲಿಂದ ಕೊನೆಯವರೆಗೆ ಒಂದು ಸಲ ಕೇಳುವನು. ಗಿರಾಕಿ ಬಂದರೂ ಕಾಯಬೇಕು. ದಾವಣಗೆರೆಯಲ್ಲಿ ಒಂದು ಸಲ, ಬೆಂಗಳೂರಿನಲ್ಲಿ ಐದು ಸಲ ಅವರ ಕಾರ್ಯಕ್ರಮಕ್ಕೆ ಬಸ್ಸಿನಲ್ಲಿ ಹೋಗಿಬಂದ. ಇಪ್ಪತ್ತರ ಹುಡುಗರ ನಡುವೆ ಬಿಳಿ ಅಂಗಿಯ, ಅರ್ಧ ನೆರೆತ ಗಡ್ಡದ ಇವನು ಸೌಂಡಿನವರ ಮೇಜಿನ ಪಕ್ಕ ಕೈಕಟ್ಟಿ ನಿಂತಿರುತ್ತಿದ್ದ.

ಹೆಂಡತಿ ರೆಹಾನಾ ಹೊಳಲ್ಕೆರೆಯವಳು. ಮನೆಮಾತು ಉರ್ದುವಾದರೂ ಬೈಯುವಾಗ ಅವಳಿಗೆ ಕನ್ನಡವೇ ಬರುತ್ತಿತ್ತು. "ಮಿಕ್ಸಿ ಕೆಟ್ಟಂಗೈತೆ. ಇದನ್ನ ಕೇಳಾಕೆ ಬೆಂಗಳೂರಿಗೆ ಹೋಗಬೇಕೇನ್ರಿ? ನಮ್ಮ ಮನೇಲೇ ದಿನಾ ಬೆಳಿಗ್ಗೆ ತಿರುಗಿಸ್ತೀನಲ್ಲ" ಎನ್ನುವಳು. ಇಸ್ರಾರ್ ನಗುವನು.

ಕಳೆದ ವರ್ಷ ಜುಲೈ ತಿಂಗಳಿನಲ್ಲಿ ತಂಡದವರು ಕೇಳುಗರಿಗೆ ಒಂದು ಕರೆ ಕೊಟ್ಟರು. ನಿಮ್ಮ ನಿಮ್ಮ ಊರಿನ ಸದ್ದುಗಳನ್ನು ಹಿಡಿದು ನಮಗೆ ಕಳುಹಿಸಿ, ಅವುಗಳಿಂದ ಹೊಸ ಹಾಡುಗಳನ್ನು ಮಾಡುತ್ತೇವೆ ಎಂದು. ಇಸ್ರಾರ್‌ಗೆ ಹಬ್ಬ ಬಂದಂತಾಯಿತು. ಒಳ್ಳೆಯ ಮೈಕುಗಳನ್ನು ಹೊತ್ತುಕೊಂಡು ಒಂದು ತಿಂಗಳು ಅಲೆದ. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ ಬೀಸುವ ಸದ್ದು, ಚಂದ್ರವಳ್ಳಿಯ ಗುಹೆಯೊಳಗೆ ತೊಟ್ಟಿಕ್ಕುವ ನೀರು, ಹಿರಿಯೂರಿನಲ್ಲಿ ಲಾರಿಗೆ ತೆಂಗಿನಕಾಯಿ ಎಸೆಯುವಾಗಿನ ದಡದಡ, ಹೀಗೆ ಹತ್ತು ಸದ್ದುಗಳು. ಸಾಲದೆಂದು ತೋರಿತು. ತನ್ನಲ್ಲಿದ್ದ ಹಳೆಯ ಧ್ವನಿಮುದ್ರಣಗಳನ್ನು ಹುಡುಕುತ್ತಿರುವಾಗ ಹನ್ನೊಂದನೆಯದು ಸಿಕ್ಕಿತು.

ಅದು ಅದೇ ವರ್ಷದ ಮಾರ್ಚಿನದು. ಭೀಮಸಮುದ್ರದ ಅಡಿಕೆ ವ್ಯಾಪಾರಿ ಬಸವೇಶ್ ನಲವತ್ತೆಂಟನೆಯ ವಯಸ್ಸಿಗೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವಳು ಅಕ್ಕ ಚಂದ್ರಕ್ಕ. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಮ್ಮನ ಮನೆಯನ್ನೇ ತನ್ನದಾಗಿಸಿಕೊಂಡವಳು. ಆ ಮನೆಯ ಎಲ್ಲ ಕಾರ್ಯಗಳಿಗೂ ದಾವೂದ್ ಸಾಬರದೇ ಸೆಟ್ಟು. ಅಂದು ಭಜನೆಗೆಂದು ಇಸ್ರಾರ್ ಹೋದಾಗ, ಅವರ ಪದ್ಧತಿಯಂತೆ ಬಸವೇಶನ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಭಜನೆಯವರು ಇನ್ನೂ ಬಂದಿರಲಿಲ್ಲ. ಇಸ್ರಾರ್ ಮೈಕನ್ನು ನಿಲ್ಲಿಸಿ, ಭಜನೆಯನ್ನು ಮುದ್ರಿಸಿ ಮನೆಯವರಿಗೆ ಕೊಡುವ ರೂಢಿಯಿದ್ದುದರಿಂದ, ಧ್ವನಿಯ ಮಟ್ಟ ನೋಡಲೆಂದು ಮುದ್ರಣದ ಗುಂಡಿ ಒತ್ತಿದ. ಆಗ ಚಂದ್ರಕ್ಕ ತಮ್ಮನ ಮುಂದೆ ಕುಳಿತು, ಅವನ ಮೊಣಕಾಲು ಹಿಡಿದು ಅಳುತ್ತಿದ್ದಳು.

"ನೀರು ಕಾದವೆ ಏಳೋ ತಮ್ಮಾ, ರೊಟ್ಟಿ ಆರ್ತವೆ ಏಳೋ ತಮ್ಮಾ."

ಎತ್ತರದ, ಒಂದಿಷ್ಟೂ ಒಡೆಯದ ಧ್ವನಿ. ಪ್ರತಿ ಸಾಲಿನ ಕೊನೆಗೂ ಉಸಿರು ಎಳೆದುಕೊಳ್ಳುವುದು ಕೂಡ ಸ್ಪಷ್ಟವಾಗಿ ಬಿದ್ದಿತ್ತು. ಐದು ತಿಂಗಳ ಮೇಲೆ ಅಂಗಡಿಯಲ್ಲಿ ಕುಳಿತು ಕೇಳಿದಾಗ ಇಸ್ರಾರ್‌ಗೆ ಅದು ಅಳುವೆಂದು ತೋರಲೇ ಇಲ್ಲ. ಎಂಥ ಶುದ್ಧವಾದ ಸದ್ದು ಎಂದು ಮಾತ್ರ ತೋರಿತು. 'ಭೀಮಸಮುದ್ರ, ಹೆಂಗಸಿನ ಧ್ವನಿ' ಎಂದು ಹೆಸರಿಟ್ಟ. ತಂಡದವರ ಅರ್ಜಿಯಲ್ಲಿದ್ದ 'ಈ ಸದ್ದು ನನ್ನದೇ' ಎಂಬ ಮಾತಿನ ಮುಂದಿನ ಚೌಕದಲ್ಲಿ ಗುರುತು ಹಾಕಿ ಕಳುಹಿಸಿದ.

ಜನವರಿಯ ಎರಡನೆಯ ಶುಕ್ರವಾರ ಹಾಡುಗಳು ಬಂದವು. ಎಂದಿನಂತೆ ಬಾಗಿಲನ್ನು ಅರ್ಧ ಎಳೆದು ಕುಳಿತ ಇಸ್ರಾರ್ ಮೂರನೆಯ ಹಾಡಿಗೆ ನೆಟ್ಟಗಾದ. ಚಂದ್ರಕ್ಕನ ಧ್ವನಿಯೇ. ಗಾಳಿಯಂತ್ರವೂ ಇಲ್ಲ, ತೆಂಗಿನಕಾಯಿಯೂ ಇಲ್ಲ. ಹನ್ನೊಂದರಲ್ಲಿ ಅವರು ಆರಿಸಿಕೊಂಡದ್ದು ಅದೊಂದನ್ನೇ. ಮೊದಲು ಅವನಿಗೆ ಆದದ್ದು ಹಿಗ್ಗು, ಅದನ್ನು ಮುಚ್ಚಿಡಬೇಕಾಗಿಲ್ಲ. ವಂದನೆಗಳ ಪಟ್ಟಿಯಲ್ಲಿ ತನ್ನ ಹೆಸರನ್ನು ಎರಡು ಸಲ ಓದಿಕೊಂಡು, ಮನೆಗೆ ಓಡಿ ರೆಹಾನಾಳಿಗೆ ಕೇಳಿಸಿದ. ಸಾವಿನ ದಿನ ಅವಳೂ ಆ ಮನೆಗೆ ಹೋಗಿದ್ದಳು.

"ಇದು ಚಂದ್ರಕ್ಕನ ಅಳು ಅಲ್ಲೇನ್ರಿ?"

"ಹೂಂ. ಎಷ್ಟು ಕ್ಲಿಯರ್ ಬಂದೈತೆ ನೋಡು."

"ಹಿಂದೆ ಡಬ್ ಡಬ್ ಅಂತ ಬಡೀತಾರಲ್ಲ, ಅದೇನು?"

"ಅದು ಬೀಟು."

"ಹೆಣದ ಮುಂದೆ ಬೀಟಾ?"

ರೆಹಾನಾ ಒಳಗೆ ಹೋದಳು. ಇಸ್ರಾರ್ ಫೋನನ್ನು ಆರಿಸಿದ. ಯಾರಿಗೆ ಗೊತ್ತಾಗುತ್ತದೆ, ಬೆಂಗಳೂರಿನ ನಾಲ್ಕು ಹುಡುಗರು ಕೇಳುವ ಹಾಡು ತಾನೆ ಎಂದು ಸಮಾಧಾನ ಮಾಡಿಕೊಂಡ. ಆದರೆ ಮೂರನೇ ತಂತಿಯ ಹಾಡುಗಳಲ್ಲಿ ಹಿಂದೆ ಯಾವುದಕ್ಕೂ ಆಗದ್ದು ಇದಕ್ಕೆ ಆಯಿತು. ಮಲಗಿದ ತಮ್ಮನನ್ನು ಅಕ್ಕ ಎಬ್ಬಿಸುವ ತಮಾಷೆಯ ಹಾಡು ಇದೆಂದು ಜನ ತಿಳಿದರು. ಹುಡುಗರು ತೂಕಡಿಸಿದಂತೆ ಕೂರುವುದು, 'ಏಳೋ ತಮ್ಮಾ' ಎಂದ ಕೂಡಲೇ ಯಾರಾದರೂ ಅವರ ತಲೆಯ ಮೇಲೆ ಒಂದು ಚೊಂಬು ನೀರು ಸುರಿಯುವುದು, ಅವರು ಹಾರಿ ಕುಣಿಯುವುದು. ಅರ್ಧ ನಿಮಿಷದ ಇಂಥ ತುಣುಕುಗಳು ಫೋನಿನಿಂದ ಫೋನಿಗೆ ಹಾರಾಡಿದವು. ಹದಿನೈದು ದಿನದಲ್ಲಿ ಅವನ ಓಣಿಗೇ ಬಂದವು. ಇಸ್ರಾರ್‌ಗೆ ಊಟ ಸೇರದಾಯಿತು.

ಫೆಬ್ರವರಿಯ ಒಂದು ಶನಿವಾರ ಸಂಜೆ, ಹಿರಿಯೂರಿನ ಹತ್ತಿರ ಹೆದ್ದಾರಿಯ ಪಕ್ಕದ ರೆಸಾರ್ಟೊಂದರಲ್ಲಿ ಮೂರನೇ ತಂತಿಯ ಕಾರ್ಯಕ್ರಮವಿತ್ತು. ಒಂಬತ್ತು ವರ್ಷದಲ್ಲಿ ಈ ಜಿಲ್ಲೆಗೆ ಅವರು ಬಂದದ್ದು ಅದೇ ಮೊದಲು. ಬೇರೆ ವರ್ಷವಾಗಿದ್ದರೆ ಇಸ್ರಾರ್ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈ ಸಲ ರೆಹಾನಾಳಿಗೂ ಹೇಳದೆ ಬಸ್ಸು ಹತ್ತಿದ. ಅವರನ್ನು ಕಂಡು, ನಡೆದದ್ದನ್ನು ಹೇಳಿ, ಹಾಡನ್ನು ತೆಗೆಸಬೇಕು, ಚಂದ್ರಕ್ಕನ ಕಿವಿಗೆ ಬೀಳುವ ಮೊದಲು ತೆಗೆಸಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು.

ಆ ಹಾಡು ಬಂದಾಗ ನಾನೂರು ಜನ ಹುಲ್ಲಿನ ಮೇಲೆ ಕುಳಿತರು. ಕುಳಿತು, ಕಾಲು ಚಾಚಿ, ಬೆನ್ನು ಹಿಂದಕ್ಕೆ ಒರಗಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿದರು. ಅವರಿಗೆ ತಿಳಿಯದು, ಆದರೆ ಇಸ್ರಾರ್ ಕಂಡದ್ದು ಗೋಡೆಗೆ ಒರಗಿಸಿದ ಬಸವೇಶನನ್ನು, ಒಬ್ಬನಲ್ಲ, ನಾನೂರು ಬಸವೇಶರನ್ನು. ಧ್ವನಿ ಎದ್ದಿತು. 'ನೀರು ಕಾದವೆ' ಎಂದೊಡನೆ ಎಲ್ಲರೂ ಅದನ್ನು ಕೂಗಿದರು. ಬಾಟಲಿಗಳ ನೀರು, ಅದರ ಜೊತೆಗೆ ಬಿಯರು, ಆಕಾಶಕ್ಕೆ ಹಾರಿತು. ಒಬ್ಬ ಹುಡುಗ ನಗುತ್ತ ಕೆಮ್ಮಿ, ಬಾಯಲ್ಲಿದ್ದುದನ್ನು ಪಕ್ಕದವನ ಬೆನ್ನ ಮೇಲೆ ಉಗುಳಿ, ಅದನ್ನು ಒರೆಸಲೂ ನಿಲ್ಲದೆ ಕುಣಿದ. ಆ ಎಂಜಲು ಸಿಡಿದು ಇಸ್ರಾರನ ಅಂಗಿಯ ತೋಳಿಗೂ ಬಿತ್ತು. ಹುಳಿ ವಾಸನೆ. ತನ್ನ ಕಿವಿಯನ್ನು ತಾನೇ ಕಿತ್ತೆಸೆಯುವಂತಿದ್ದರೆ ಆ ಗಳಿಗೆಯಲ್ಲಿ ಎಸೆಯುತ್ತಿದ್ದನೇನೋ. ಏಕೆಂದರೆ ಆ ಹೇಸಿಗೆಯ ನಡುವೆಯೂ ಆ ಕಿವಿ, ಧ್ವನಿ ಎಷ್ಟು ಚೆನ್ನಾಗಿ ಕೂತಿದೆ ಎಂದು ತನ್ನ ಪಾಡಿಗೆ ತಾನು ಅಳೆಯುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ಹೋದ. ಸಹನಾ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಅಂಕಲ್, ನೀವೇನಾ ಇಸ್ರಾರ್? ಈ ಹಾಡು ನಿಮ್ಮಿಂದಾನೇ ಬಂದಿದ್ದು, ಗೊತ್ತಾ?"

"ಅದು ಎಬ್ಬಿಸೋ ಹಾಡಲ್ಲಮ್ಮ. ಸತ್ತ ತಮ್ಮನ ಮುಂದೆ ಕುಂತು ಅತ್ತಿದ್ದು. ನನ್ನದು ತಪ್ಪಾತು, ಕಳಿಸಬಾರದಿತ್ತು."

ಸಹನಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು, ಅದು ಸುಳ್ಳಲ್ಲ. ಬಳಿಕ ತನ್ನ ತೋಳನ್ನು ಅವನ ಮುಂದೆ ಚಾಚಿ, "ನೋಡಿ ಅಂಕಲ್, ಮೈ ಜುಮ್ ಅಂತಿದೆ. ಆ ವಾಯ್ಸಲ್ಲಿ ಏನೋ ಇದೆ ಅಂತ ನಂಗೆ ಮೊದಲೇ ಅನಿಸಿತ್ತು. ಇದು ಇನ್ನೂ ಸ್ಟ್ರಾಂಗ್ ಆಯ್ತು" ಎಂದಳು. "ಅವರ ಹೆಸರೇನು? ಯಾವ ಊರು?"

ಕೇಳಿದ್ದಕ್ಕೆ ಉತ್ತರ ಹೇಳುವುದು ಅವನ ಅಭ್ಯಾಸ. ಹೇಳಿಬಿಟ್ಟ.

"ಅದನ್ನ ತೆಗೆದುಬಿಡ್ರಮ್ಮ" ಎಂದ.

ಮೂಲೆಯಲ್ಲಿ ಚಿಪ್ಸು ತಿನ್ನುತ್ತ ಕುಳಿತಿದ್ದ ಕನ್ನಡಕದ ಹುಡುಗ ತಲೆಯೆತ್ತಿದ. "ಈಗ ಅದು ನಮ್ಮ ಕೈಲಿ ಎಲ್ಲಿದೆ ಅಂಕಲ್? ಎಲ್ಲ ಕಡೆ ಹೋಗಿದೆ. ಕಳಿಸೋವಾಗ ನಂದೇ ಅಂತ ಟಿಕ್ ಮಾಡಿದ್ದು ನೀವೇ ತಾನೆ?" ಎಂದು ಬೆರಳಿಗಂಟಿದ ಉಪ್ಪನ್ನು ನೆಕ್ಕಿದ.

ಅದು ನಿಜವಾಗಿತ್ತು. ಸಹನಾ ಅಷ್ಟರಲ್ಲಿ ಅವನ ಹೆಗಲಿಗೆ ಕೈ ಹಾಕಿ ಫೋನನ್ನು ಎತ್ತಿ ಹಿಡಿದಿದ್ದಳು. ಫೋಟೋ ಎಂದ ಕೂಡಲೇ ಇಸ್ರಾರನ ಮುಖ ತಾನಾಗಿ ನಕ್ಕಿತು. ಚಿತ್ರದುರ್ಗಕ್ಕೆ ಮರಳುವ ಬಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅವನನ್ನು ಕಾಡಿದ್ದು ಆ ನಗು. ಎಂಜಲಾದ ತೋಳಿನ ಅಂಗಿ ತೊಟ್ಟುಕೊಂಡು ತಾನು ಹಲ್ಲು ಕಿರಿದು ನಿಂತಿದ್ದೆ ಎಂದು ನೆನೆದಾಗಲೆಲ್ಲ ಕಿಟಕಿಯ ಹೊರಗೆ ಉಗುಳಿದ.

ಸೋಮವಾರ ಬೆಳಿಗ್ಗೆ ಆ ಹಾಡಿನ ಇನ್ನೊಂದು ರೂಪ ಬಂದಿತ್ತು. ಬೀಟು ನಿಧಾನವಾಗಿತ್ತು, ಅಳು ಉದ್ದವಾಗಿತ್ತು. ಹಾಡಿನ ಹೆಸರು 'ಚಂದ್ರಕ್ಕ'. ಅದರ ಕೆಳಗೆ, 'ತಮ್ಮನನ್ನು ಕಳೆದುಕೊಂಡ ಭೀಮಸಮುದ್ರದ ತಾಯಿಗೆ ನಮ್ಮ ಗೌರವ. ಈ ನಿಜವನ್ನು ನಮಗೆ ಹೇಳಿದ ಇಸ್ರಾರ್ ಅಂಕಲ್‌ಗೆ ವಂದನೆ' ಎಂದು ಬರೆದು, ನಗುವ ಮುಖದ ಆ ಫೋಟೋವನ್ನೂ ಹಾಕಿದ್ದರು. ತೆಗೆಯಿರಿ ಎಂದು ಇಸ್ರಾರ್ ಆರು ಸಲ ಬರೆದ. ಆರನೆಯದಕ್ಕೆ ಉತ್ತರವಾಗಿ ಒಂದು ಕೆಂಪು ಹೃದಯದ ಚಿತ್ರ ಬಂತು.

ಕೆಟ್ಟ ಮನಸ್ಸಿನವರಾಗಿದ್ದರೆ ಜಗಳವಾಡಬಹುದಿತ್ತು. ಇವರು ಗೌರವ ಮಾಡುತ್ತಿದ್ದೇವೆಂದೇ ನಂಬಿದ್ದರು. ಹೆಸರೂ ಊರೂ ಹೊರಬಿದ್ದ ಮೇಲೆ ಇನ್ನು ಮುಚ್ಚುವ ಮಾತಿಲ್ಲ. ಯಾರದೋ ಫೋನಿನಿಂದ ಚಂದ್ರಕ್ಕನಿಗೆ ತಿಳಿಯುವ ಮೊದಲು ತಾನೇ ಹೇಳಬೇಕು. ಇಸ್ರಾರ್ ಅಂಗಡಿ ಮುಚ್ಚಿ ಭೀಮಸಮುದ್ರದ ಬಸ್ಸು ಹಿಡಿದ.

ಚಂದ್ರಕ್ಕ ಅಂಗಳದಲ್ಲಿ ಚಾಪೆಯ ಮೇಲೆ ಒಣಗಿದ ಅಡಿಕೆ ಹರವಿಕೊಂಡು ಕೆಟ್ಟವನ್ನು ಆರಿಸುತ್ತಿದ್ದಳು. ಅರವತ್ತು ದಾಟಿದ, ಗಟ್ಟಿ ಮೈಯ ಹೆಂಗಸು.

"ಬಾರೋ ಇಸ್ರಾರು, ಕುಂತ್ಕ. ವರ್ಷದ ಪೂಜೆ ದಿನ ಕೇಳಾಕೆ ಬಂದೆಯಾ? ಮುಂದಿನ ತಿಂಗಳು ಮೊದಲ್ನೇ ಗುರುವಾರ."

ಅವನು ಚಾಪೆಯ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಮೈಕಿನ ಗುಂಡಿ ಒತ್ತಿದ್ದನ್ನು, ಕಳುಹಿಸಿದ್ದನ್ನು, ಹಿರಿಯೂರಿನಲ್ಲಿ ಕಂಡದ್ದನ್ನು. ಚಂದ್ರಕ್ಕನ ಕೈ ನಿಲ್ಲಲಿಲ್ಲ.

"ಕುಣೀತಾರೆ ಅಂದ್ಯಾ?"

"ಹೂಂ ಅಕ್ಕ."

"ನಗ್ತಾರಾ?"

"ನಗ್ತಾರೆ."

"ಯಾವ ಮಾತಿಗೆ?"

ಇಸ್ರಾರ್ ತಲೆ ತಗ್ಗಿಸಿದ. "ನೀರು ಕಾದವೆ ಅನ್ನೋದಕ್ಕೆ."

ಆಗ ಕೈ ನಿಂತಿತು. "ಅವತ್ತು ನಿಜವಾಗ್ಲೂ ಕಾದಿದ್ವು ಕಣೋ. ಮೈಗೆ ನೀರು ಹಾಕ್ಕಂತೀನಿ ಅಂತ ಎದ್ದೋನೇ ಬಿದ್ದಿದ್ದು. ಹಂಡೆ ನೀರು ಹಂಗೇ ಇದ್ವು. ಅದೇ ನೀರಲ್ಲೇ ಆಮೇಲೆ ಅವನಿಗೆ ಮೈ ತೊಳೆದ್ವಿ" ಎಂದಳು.

ಇಸ್ರಾರ್, "ಕೇಳ್ತೀಯಾ ಅಕ್ಕ?" ಎಂದು ಫೋನನ್ನು ತೆಗೆದ.

"ನಾನ್ಯಾಕೆ ಕೇಳ್ಲಿ. ಏನಂದೆ ಅಂತ ನಂಗೆ ಗೊತ್ತಿಲ್ವಾ? ಅವನಿಗೆ ಕೇಳ್ಲಿ ಅಂತ ಅಂದಿದ್ದು. ನೀನು ನಾಡಿಗೆಲ್ಲ ಕೇಳ್ಸಿದೀಯ." ಅವಳು ಒಂದು ಬೂಷ್ಟು ಹಿಡಿದ ಅಡಿಕೆಯನ್ನು ಎತ್ತಿ ದೂರಕ್ಕೆ ಎಸೆದಳು. "ನಿಮ್ಮಪ್ಪಾರು ಸಾವಿನ ಮನೆಗೆ ಬಂದ್ರೆ, ಭಜನೆಯೋರು ಕುಂತ್ಕಳೋಗಂಟ ಮೈಕಿನ ತಲೆ ಮೇಲೆ ತಮ್ಮ ಟವಲ್ಲು ಮುಚ್ಚಿ ಇಡೋರು. ಯಾಕೆ ಸಾಬ್ರೆ ಅಂತ ನಮ್ಮಪ್ಪ ಕೇಳಿದ್ರೆ, ಇದಕ್ಕೆ ನಾಚಿಕೆ ಇಲ್ಲ ಸ್ವಾಮಿ, ಸಿಕ್ಕಿದ್ದೆಲ್ಲ ತಗೊಂತೈತೆ ಅನ್ನೋರು. ನಿಂಗೆ ಅದನ್ನ ಹೇಳಿಕೊಟ್ಟಿರಲಿಲ್ವೇನೋ?"

ಹೇಳಿಕೊಟ್ಟಿದ್ದರು. ಹಳೆಯ ಕಾಲದ ಕಟ್ಟಳೆಯೆಂದು ಅವನೇ ಬಿಟ್ಟಿದ್ದ.

"ಪೂಜೆಗೆ ಮೈಕ್ ಬ್ಯಾಡ" ಎಂದಳು ಚಂದ್ರಕ್ಕ.

"ನಾನು ಬರಬೌದಾ?"

"ಬರಬ್ಯಾಡ ಅಂತ ಯಾರಂದ್ರು? ಉಣ್ಣಾಕೆ ಬಾ. ಸೆಟ್ಟು ತರಬ್ಯಾಡ, ಅಷ್ಟೇ."

ಆ ಗುರುವಾರ ಇಸ್ರಾರ್ ಬರಿಗೈಯಲ್ಲಿ ಹೋದ. ದೊಡ್ಡವನಾದ ಮೇಲೆ ಆ ಮನೆಗೆ ವೈರಿನ ಸುರುಳಿಯಿಲ್ಲದೆ ಹೋದದ್ದು ಅದೇ ಮೊದಲು. ಶಾಮಿಯಾನದ ಕೆಳಗೆ, ರಸ್ತೆಯ ಕಡೆಯ ತುದಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಳಿತ. ಕೆಲವರಿಗೆ ವಿಷಯ ತಿಳಿದಿತ್ತು. ಅವನ ಪಕ್ಕದ ಎರಡು ಕುರ್ಚಿಗಳು ಖಾಲಿಯೇ ಉಳಿದವು. ಒಳಗೆ ಭಜನೆ ಶುರುವಾಯಿತು. ನಾಲ್ವರು ಮುದುಕರು, ಒಂದು ಹಾರ್ಮೋನಿಯಂ, ತಾಳ. ಮೈಕಿಲ್ಲದೆ ಅವರ ಧ್ವನಿ ಅಂಗಳದ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಹೊರಗಿದ್ದವರಿಗೆ ತಾಳವಷ್ಟೇ ಕೇಳುತ್ತಿತ್ತು.

ಅಷ್ಟರಲ್ಲಿ ರಸ್ತೆಯ ತಿರುವಿನಿಂದ ಒಂದು ಟ್ರ್ಯಾಕ್ಟರ್ ಬಂತು. ಅದರ ಸ್ಪೀಕರುಗಳಿಂದ ಊರೆಲ್ಲ ಕೇಳುವಂತೆ, 'ನೀರು ಕಾದವೆ ಏಳೋ ತಮ್ಮಾ', ಹಿಂದೆಯೇ ಡಬ್ ಡಬ್. ಭಜನೆಯ ತಾಳ ತಪ್ಪಿತು, ಮತ್ತೆ ಕೂಡಲಿಲ್ಲ. ಶಾಮಿಯಾನದ ಕೆಳಗಿದ್ದವರು ಒಬ್ಬರ ಮುಖವನ್ನೊಬ್ಬರು ನೋಡದೆ ನೆಲ ನೋಡಿದರು. ಚಂದ್ರಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

ಇಸ್ರಾರ್ ಎದ್ದು ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತ. ಓಡಿಸುತ್ತಿದ್ದ ಯತ್ತಪ್ಪ ಬ್ರೇಕು ಒತ್ತಿದ. ಅವನು ಪಕ್ಕದ ಹಳ್ಳಿಯವನು, ಇಲ್ಲಿ ಪೂಜೆಯೆಂದು ತಿಳಿಯದವನು. ಇಸ್ರಾರ್ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಸೀಟಿನ ಹಿಂದಕ್ಕೆ ಕೈ ಹಾಕಿ, ವೈರನ್ನು ಬುಡಸಮೇತ ಕಿತ್ತ. ಸದ್ದು ನಿಂತಿತು.

"ಏನ್ ಇಸ್ರಾರಣ್ಣ ಇದು? ನೀವೇ ಕೂರಿಸಿಕೊಟ್ಟ ಸ್ಪೀಕರು" ಎಂದ ಯತ್ತಪ್ಪ.

"ಹೂಂ, ನಾನೇ."

"ಈ ಹಾಡು ಬ್ಯಾಡ್ವಾಗಿತ್ತಾ? ಇದೊಂದು ಕಿತ್ರೆ ಏನಾತು. ನಮ್ಮ ಅಳಿಯನ ಗಾಡೀಲೂ ಇದೇ ಐತೆ, ಅವನ ಗೆಳೆಯರ ಗಾಡೀಲೂ ಇದೇ ಐತೆ."

"ಎಲ್ಲಾ ಗಾಡೀನೂ ಅಂಗಡಿ ಹತ್ರ ತಗಂಬಾ" ಎಂದು ಇಸ್ರಾರ್ ಕಿತ್ತ ವೈರನ್ನು ಕೈಗೆ ಸುತ್ತಿಕೊಳ್ಳುತ್ತ ಕೆಳಗಿಳಿದ.

ಅವನು ತಿರುಗಿ ನೋಡುವಷ್ಟರಲ್ಲಿ ಚಂದ್ರಕ್ಕ ಒಳಗೆ ಹೋಗಿದ್ದಳು. ಭಜನೆಯವರು ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಮತ್ತೆ ಹಿಡಿದರು. ಇಸ್ರಾರ್ ಕುರ್ಚಿಗೆ ಹಿಂತಿರುಗಲಿಲ್ಲ. ಭಜನೆ ಮುಗಿಯುವವರೆಗೆ, ಹೊಳಲ್ಕೆರೆಯ ಕಡೆಯಿಂದ ಬರುವ ಗಾಡಿಗಳಿಗೆ ಎದುರಾಗಿ, ಬಿಸಿಲಿನಲ್ಲಿ ರಸ್ತೆಯಲ್ಲೇ ನಿಂತಿದ್ದ.